ಕಚ್ಚದ ಅರ

ಮೊದಲು ಜಾರಿದ್ದು ಕರಿಬಸಪ್ಪನ ಅರ.

ದಾಂಡೇಲಿಯ ತರಬೇತಿ ಕೇಂದ್ರದಲ್ಲಿ ಶನಿವಾರದ ಪರೀಕ್ಷೆ ಆಗತಾನೇ ಶುರುವಾಗಿತ್ತು. ತಗಡಿನ ಶೆಡ್ಡಿನ ಉದ್ದಕ್ಕೂ ದಪ್ಪ ಹಲಗೆಯ ಮೇಜು, ಅದಕ್ಕೆ ಸಾಲಾಗಿ ಬಿಗಿದ ವೈಸುಗಳು, ಒಂದೊಂದು ವೈಸಿನ ದವಡೆಯಲ್ಲಿ ಅಂಗೈ ಅಗಲದ ಒಂದೊಂದು ಕಬ್ಬಿಣದ ತುಂಡು. ಅರದಿಂದ ಉಜ್ಜಿ ಉಜ್ಜಿ ಆ ತುಂಡಿನ ಮೈಯನ್ನು ಸಪಾಟು ಮಾಡಬೇಕು. ಆಮೇಲೆ ಮೂಲೆಮಟ್ಟದ ಉಕ್ಕಿನ ಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ ಕಿಟಕಿಯತ್ತ ಹಿಡಿದರೆ ನಡುವೆ ಬೆಳಕು ನುಸುಳಬಾರದು. ಫಿಟ್ಟರ್ ಕೆಲಸ ಕಲಿಯಲು ಬಂದವರಿಗೆ ಮೊದಲು ಕಲಿಸುವುದೇ ಇದನ್ನು.

ಮುಂಡಗೋಡದ ಹತ್ತಿರದ ಇಂದೂರಿನ ರೈತನ ಮಗ ಕರಿಬಸಪ್ಪ ಮೈಭಾರವನ್ನೆಲ್ಲ ಹಾಕಿ ಅರವನ್ನು ಮುಂದಕ್ಕೆ ತಳ್ಳಿದ. ಅದು ಕಬ್ಬಿಣವನ್ನು ಕಚ್ಚಲಿಲ್ಲ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟಂತೆ ಸರ್ರನೆ ಜಾರಿತು. ಅವನ ಬೆರಳಿನ ಗಿಣ್ಣುಗಳು ತುಂಡಿನ ಅಂಚಿಗೆ ಹೋಗಿ ಬಡಿದವು.

“ಯವ್ವಾ!” ಎಂದು ಕೈ ಕೊಡವಿದ. ಕಬ್ಬಿಣದ ಮೇಲೆ ರಕ್ತ ಚಿಮ್ಮಿತು.

“ಏ ಇಂದೂರ ಸಾಹುಕಾರಾ, ಅರಾ ತಿಕ್ಕಂದ್ರ ಹೊಲದಾಗಿನ ಕುಂಟಿ ಹೊಡಿಯಾಕತ್ತೀಯಲ್ಲೋ!” ಎಂದು ನಕ್ಕವನು ದಾಂಡೇಲಿಯವನೇ ಆದ ಸೋಮಪ್ಪ. ಯಾರು ಬಿದ್ದರೂ ಮೊದಲು ನಗುವವನು ಅವನೇ. ನಗುತ್ತ ತನ್ನ ಅರವನ್ನು ತಳ್ಳಿದ. ಅದೂ ಜಾರಿತು. ಮುಗ್ಗರಿಸಿ ಮೇಜಿಗೆ ಎದೆ ತಾಗಿಸಿಕೊಂಡ. ನಗು ಅಲ್ಲಿಗೇ ನಿಂತಿತು. ಆಚೆಯವನದು ಜಾರಿತು, ಅದರ ಆಚೆಯವನದೂ ಜಾರಿತು. ದಿನವೂ ಕಿವಿ ತುಂಬುತ್ತಿದ್ದ ಗರಗರ ಸದ್ದು ಎಲ್ಲೂ ಏಳದೆ ತಗಡಿನ ಮೇಲೆ ಮಳೆ ಬೀಳುವುದೊಂದೇ ಕೇಳತೊಡಗಿತು.

ಕಿಟಕಿಯ ಬಳಿಯ ವೈಸಿನ ಮುಂದೆ ಅಗ್ನೆಸ್ ನಿಂತಿದ್ದಳು. ಅವಳು ಇನ್ನೂ ಅರ ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಹಿಂದಿನ ಸಂಜೆ ಎಲ್ಲ ಅರಗಳನ್ನೂ ಮುಟ್ಟಿದ್ದವಳು ಅವಳೊಬ್ಬಳೇ.

ಶಿವಲಿಂಗಪ್ಪ ಮಾಸ್ತರರು ಬಂದು ಕರಿಬಸಪ್ಪನ ಕೈಗೆ ಚಿಂದಿ ಸುತ್ತಿದರು. ಅರವನ್ನು ಎತ್ತಿ ಅದರ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಅರ ನೋಡಿದರು, ಮತ್ತೊಂದು ನೋಡಿದರು.

“ಯಾರಪ್ಪಾ ಇದು?” ಎಂದರು. ದನಿ ಏರಿರಲಿಲ್ಲ. ಅವರು ಸಿಟ್ಟಿಗೆದ್ದಾಗ ದನಿ ಇಳಿಯುತ್ತಿತ್ತು. “ಎಲ್ಲಾ ಅರಕ್ಕ ಜಿಡ್ಡು ಬಳದೀರಿ. ಅರಾ ಒಣಾ ಇದ್ರ ಕಬ್ಬಿಣ ತಿಂತೈತಿ. ಹಲ್ಲಿನ ಸಂದ್ಯಾಗ ಜಿಡ್ಡು ಕುಂತರ ಜಾರತೈತಿ. ಇದು ನಿಮಗೆಲ್ಲಾ ಗೊತ್ತೈತಿ. ಮೊದಲನೇ ವಾರದಾಗ ಬಾಯಿ ನೋಯೂಹಂಗ ಹೇಳೇನಿ. ಗೊತ್ತಿದ್ದೂ ಪರೀಕ್ಷಾದ ದಿವಸ ಇಂಥಾ ಹಲ್ಕಟ್ ಕೆಲಸಾ ಮಾಡಿದವ ಯಾಂವ?”

ಅಗ್ನೆಸ್‌ಗೆ ಗೊತ್ತಿರಲಿಲ್ಲ. ಅರಕ್ಕೆ ಜಿಡ್ಡು ತಾಗಬಾರದು ಎಂಬ ಮಾತನ್ನು ಅವಳು ಕೇಳುತ್ತಿರುವುದು ಅದೇ ಮೊದಲು.

ಹಿಂದಿನ ಸಂಜೆ ಕಸ ಗುಡಿಸುವ ಸರದಿ ಅವಳದಾಗಿತ್ತು. ಎಂಬತ್ತೆರಡನೆಯ ಇಸವಿಯ ಆ ಮಳೆಗಾಲ ಕಾಳಿ ನದಿಯ ದಂಡೆಯವರಿಗೆಲ್ಲ ನೆನಪಿರುವಂಥದು. ಹುಡುಗರು ಹೋದ ಮೇಲೆ ನೋಡಿದರೆ ತಗಡಿನ ಸಂದಿನಿಂದ ಹನಿ ಬಿದ್ದು ಅರಗಳನ್ನಿಡುವ ಮರದ ತಟ್ಟೆ ತೊಯ್ದಿತ್ತು. ಕೆಲವು ಅರಗಳ ಮೇಲೆ ತುಕ್ಕಿನ ಕೆಂಪು ಏಳತೊಡಗಿತ್ತು. ಅದನ್ನು ಕಂಡು ಅವಳಿಗೆ ಸುಮ್ಮನೆ ಹೋಗಲಾಗಲಿಲ್ಲ. ಹಳಿಯಾಳದ ಕಡೆಯ ಕಾಡಂಚಿನಲ್ಲಿ ಅವರ ಸಿದ್ದಿ ಕೇರಿ. ಮಳೆಗಾಲದಲ್ಲಿ ಅಲ್ಲಿ ಯಾವ ಮನೆಯಲ್ಲೂ ಕಬ್ಬಿಣವನ್ನು ಜಿಡ್ಡು ಸವರದೆ ಮಲಗಿಸುವುದಿಲ್ಲ. ಕೊಯ್ತಾ, ಕೊಡಲಿ, ಕುಡಗೋಲು, ಏನೇ ಇರಲಿ, ಒಲೆಯ ಮುಂದೆ ಕೂತು ಮುರುಗಲ ಹಣ್ಣಿನ ಬೀಜದ ತುಪ್ಪವನ್ನು ಅದಕ್ಕೆ ತಿಕ್ಕಿದ ಮೇಲೆಯೇ ಅವಳ ಇನಾಸಜ್ಜ ಗಂಜಿಗೆ ಕೈಹಾಕುತ್ತಿದ್ದ. ದುಡಿದು ಬಂದ ಹತಾರಕ್ಕೆ ಉಣಿಸದೆ ತಾನು ಉಣ್ಣುವವನನ್ನು ಕೇರಿಯಲ್ಲಿ ಯಾರೂ ಮನುಷ್ಯನೆಂದು ಎಣಿಸುತ್ತಿರಲಿಲ್ಲ.

ಆ ತುಪ್ಪದ ಗಟ್ಟಿ ಅವಳ ಚೀಲದಲ್ಲೇ ಇತ್ತು. ಅಣಶಿ ಊರಿಗೆ ಕೊಟ್ಟ ಸೋದರತ್ತೆ, ಅರ ಹಿಡಿದು ಅಂಗೈಯಲ್ಲಿ ಎದ್ದ ಬೊಕ್ಕೆಗಳಿಗೆಂದು ಕಳಿಸಿದ್ದು. ಅಗ್ನೆಸ್ ಒಂದೊಂದೇ ಅರವನ್ನು ಲಂಗದ ಅಂಚಿನಿಂದ ಒರಸಿ, ಹಲ್ಲು ಹಲ್ಲಿಗೂ ತುಪ್ಪ ಇಳಿಯುವಂತೆ ತಿಕ್ಕಿ, ಸಾಲಾಗಿ ಜೋಡಿಸಿದ್ದಳು. ನಾಳೆ ಯಾರಾದರೂ “ಇದನ್ನ ಯಾರು ಮಾಡಿದ್ರು?” ಎಂದು ಕೇಳಿದರೆ “ನಾನು” ಎನ್ನಬೇಕು ಎಂದುಕೊಂಡಿದ್ದಳು. ಕೋಗಿಲಬನದಲ್ಲಿ ಅವಳು ಉಳಿದುಕೊಂಡಿದ್ದ ಮನೆಯ ಗೋದುಬಾಯಿ, ಊಟದ ತಟ್ಟೆಯ ಮುಂದೆ ಕೂತವಳನ್ನು ನೋಡಿ, “ಯಾಕ ಪೋರಿ, ಇವತ್ತ ಮುಖಾ ಅರಳೇತಿ?” ಎಂದು ಕೇಳಿಯೂ ಇದ್ದಳು.

ಈಗ ಕೇಳಿದ್ದಾರೆ. ಆದರೆ ಕೇಳಿದ್ದು ಹಲ್ಕಟ್ ಕೆಲಸ ಮಾಡಿದವರು ಯಾರೆಂದು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಂದ್ರದ ದೊಡ್ಡ ಸಾಹೇಬರಿಗೆ ಅವಳನ್ನು ಫಿಟ್ಟರ್ ಶೆಡ್ಡಿಗೆ ಸೇರಿಸಿಕೊಳ್ಳಲು ಮನಸ್ಸೇ ಇರಲಿಲ್ಲ. ಹುಡುಗಿಯರು ಕಲಿಯುವ ಹೊಲಿಗೆ ಕೋಣೆಯಲ್ಲಿ ಒಂದು ಮಿಶನ್ನು ಖಾಲಿ ಇದೆ, ಅಲ್ಲಿಗೆ ಹೋಗು ಎಂದು ಸೇರಿದ ದಿನದಿಂದ ಹೇಳುತ್ತಲೇ ಇದ್ದರು. ಅವಳು ಒಪ್ಪದಿದ್ದಾಗ, “ಸರಿ, ಮೊದಲ ಪರೀಕ್ಷೆವರೆಗೆ ನೋಡೋಣ. ಅದರಲ್ಲಿ ಹೆಚ್ಚುಕಡಿಮೆ ಆದರೆ ಮಾತಿಲ್ಲದೆ ಹೊಲಿಗೆಗೆ ಹೋಗಬೇಕು” ಎಂದಿದ್ದರು. ಆ ಪರೀಕ್ಷೆಯೇ ಇದು.

ಹೊಲಿಗೆ ಕೆಟ್ಟದ್ದೆಂದು ಅವಳಿಗೆ ಅನ್ನಿಸಿರಲಿಲ್ಲ. ಆದರೆ ಚಿಕ್ಕವಳಿದ್ದಾಗ ಒಂದು ದಿನ ಬಿದಿರು ಹೇರಿದ ಲಾರಿಯಲ್ಲಿ ಅಪ್ಪ ಪೆದ್ರುವಿನ ಜೊತೆ ಕಾಗದದ ಮಿಲ್ಲಿನವರೆಗೆ ಬಂದಿದ್ದಳು. ಗೇಟಿನೊಳಗೆ ಯಾವುದೋ ಯಂತ್ರ ನಿಂತುಹೋಗಿತ್ತು. ಅದರ ಸುತ್ತ ಇಸ್ತ್ರಿ ಅಂಗಿಯವರು ಕೈಕಟ್ಟಿಕೊಂಡು ನಿಂತಿದ್ದರು. ನಡುವೆ ಮಸಿ ಬಟ್ಟೆಯ ಒಬ್ಬ ಮನುಷ್ಯ ಮಂಡಿಯೂರಿ ಏನೋ ಬಿಚ್ಚುತ್ತಿದ್ದ. ಅವನು ಕೈಚಾಚಿದರೆ ಇಸ್ತ್ರಿ ಅಂಗಿಯವರೇ ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡುತ್ತಿದ್ದರು. “ಅಂವ ಯಾರು?” ಎಂದು ಕೇಳಿದಾಗ ಪೆದ್ರು, “ಫಿಟ್ಟರ್” ಎಂದಿದ್ದ. ಇಡೀ ಮಿಲ್ಲು ಒಬ್ಬನಿಗಾಗಿ ಕಾಯುತ್ತದೆ ಎಂಬುದು ಅವಳ ಮನಸ್ಸಿನಲ್ಲಿ ಆಗ ನಾಟಿದ್ದು ಕೀಳಲು ಬಾರದಂತೆ ಬೇರು ಬಿಟ್ಟಿತ್ತು.

“ಸೋಮಪ್ಪಾ, ಇದು ನಿನ್ನ ಕೆಲಸಽ ಏನು?” ಮಾಸ್ತರರು ಕೇಳುತ್ತಿದ್ದರು.

“ದೇವ್ರಾಣೆ ಅಲ್ರಿ ಸರ! ನಗೂದು ನನ್ನ ಕೆಲಸ, ಜಿಡ್ಡು ಬಳಿಯೂದು ನನ್ನ ಕೆಲಸ ಅಲ್ಲ. ನಂದೂ ಎದಿ ಒಡದೈತಿ ನೋಡ್ರಿ.”

ಅಷ್ಟರಲ್ಲಿ ಗದ್ದಲ ಕೇಳಿ ದೊಡ್ಡ ಸಾಹೇಬರೇ ಕೊಡೆ ಹಿಡಿದು ಬಂದರು. ಮೈಸೂರು ಕಡೆಯವರು. ಕೊಡೆಯನ್ನು ಮಡಿಸದೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

“ಹೆಸರು ಬೇಕು ನನಗೆ,” ಎಂದರು. “ಮಧ್ಯಾಹ್ನ ಮಿಲ್ಲಿನ ಭೋಂಗಾ ಕೂಗುವುದರೊಳಗೆ ಹೆಸರು ಬಾರದಿದ್ದರೆ ಇಡೀ ಶೆಡ್ಡಿಗೆ ಬೀಗ. ನಿಮ್ಮ ನಿಮ್ಮ ಊರಿಗೆ ಹೋಗಿ ದನ ಕಾಯಿರಿ.”

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಗ್ನೆಸ್ ಮೇಜಿನ ಅಂಚು ಹಿಡಿದಳು. ಅಂಗೈಯ ಒಡೆದ ಬೊಕ್ಕೆ ಉರಿಯಿತು. ಹೇಳುತ್ತೇನೆ ಎಂದುಕೊಂಡಳು. ಉಸಿರು ಎಳೆದುಕೊಂಡಳು. ಬಾಯಿ ತೆರೆದಳು.

“ನಾನಽ ಸರ.”

ದನಿ ಅವಳದಲ್ಲ. ಚಿಂದಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕರಿಬಸಪ್ಪ ಒಂದು ಹೆಜ್ಜೆ ಮುಂದೆ ಬಂದಿದ್ದ.

“ನಾನಽ ಹಚ್ಚಿದ್ದು. ನನ್ನ ಹೊರಗ ಹಾಕ್ರಿ.”

ಸೋಮಪ್ಪ ಬಾಯಿ ತೆರೆದವನು ಹಾಗೇ ನಿಂತ. ಮಾಸ್ತರರ ಹುಬ್ಬು ಗಂಟಿಕ್ಕಿತು. ಕರಿಬಸಪ್ಪನೆಂದರೆ ಕೂಡು ಎಂದಲ್ಲಿ ಕೂಡುವವನು, ಏಳು ಎಂದಾಗ ಏಳುವವನು.

“ಯಾಕಯ್ಯಾ ಮಾಡಿದೆ?” ಸಾಹೇಬರು ಕೇಳಿದರು.

“ಸುಮ್ಮನ ರೀ.”

“ಸುಮ್ಮನೆಯಾ? ಆಫೀಸಿನ ಹೊರಗೆ ಹೋಗಿ ನಿಂತಿರು. ಸುಮ್ಮನೆ ಅಂದರೆ ಏನು ಅಂತ ತೋರಿಸ್ತೇನೆ.”

ಅವರು ಹೋದ ಮೇಲೆ ಮಾಸ್ತರರು ಸೀಮೆಎಣ್ಣೆಯ ಡಬ್ಬಿ, ತಂತಿಯ ಬ್ರಶ್ಶುಗಳನ್ನು ತರಿಸಿ ಎಲ್ಲರನ್ನೂ ಅರ ತೊಳೆಯಲು ಹಚ್ಚಿದರು. ತೊಳೆದ ಅರಕ್ಕೆ ಸುಣ್ಣದ ಕಡ್ಡಿ ಉಜ್ಜಬೇಕು, ಉಳಿದ ಜಿಡ್ಡನ್ನು ಅದು ಹೀರುತ್ತದೆ. ಅಗ್ನೆಸ್ ತನ್ನ ಪಾಲಿನದನ್ನು ಉಜ್ಜಿದಳು. ಹಲ್ಲಿನ ಸಂದಿಗೆ ತಾನೇ ಅಕ್ಕರೆಯಿಂದ ಇಳಿಸಿದ್ದನ್ನು ತಾನೇ ಕೆದರಿ ತೆಗೆಯಬೇಕಾಗಿತ್ತು. ಹೀಗೇ ಸುಮ್ಮನಿದ್ದರೆ ಆಯಿತಲ್ಲ ಎಂದು ಒಂದು ಮನಸ್ಸು ಹೇಳಿತು. ಯಾರೂ ನಿನ್ನನ್ನು ಕೇಳಿಲ್ಲ, ನೀನು ಸುಳ್ಳನ್ನೂ ಹೇಳಿಲ್ಲ. ಅರ ತೊಳೆದು ಮುಗಿದರೆ ಪರೀಕ್ಷೆ ನಡೆಯುತ್ತದೆ. ಆ ಮನಸ್ಸಿನ ಮಾತು ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ಹೆದರಿಕೆಯಾಯಿತು. ನೀರು ತರುವ ನೆಪ ಮಾಡಿ ಕೊಡ ಎತ್ತಿಕೊಂಡು ಹೊರಗೆ ಹೋದಳು.

ಆಫೀಸಿನ ಮಾಡಿನ ಕೆಳಗೆ ಕರಿಬಸಪ್ಪ ನಿಂತಿದ್ದ. ಸೂರಿನ ನೀರು ಅವನ ಒಂದು ಹೆಗಲನ್ನು ತೋಯಿಸುತ್ತಿತ್ತು. ಅವನು ಸರಿದು ನಿಂತಿರಲಿಲ್ಲ.

“ಕರಿಬಸಣ್ಣಾ, ನೀ ಯಾಕ ಹಂಗ ಅಂದಿ?” ಅವಳು ಪಿಸುದನಿಯಲ್ಲಿ ಕೇಳಿದಳು. “ಅದು ನಾನು...”

“ನೀನಽ ಅಂತ ಗೊತ್ತೈತಿ. ಮೊನ್ನೆ ನನ್ನ ಬೊಕ್ಕಿಗೆ ಹಚ್ಚಾಕ ಕೊಟ್ಟಿದ್ದಿಯಲ್ಲಾ ಅದನ್ನ? ವಾಸನಿ ಹಿಡದೆ.” ಅವನು ಸುತ್ತ ನೋಡಿದ. “ಸುಮ್ಮಿರು, ತಂಗಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನಗೂ ಚಲೋ ಆತು, ನನಗೂ ಚಲೋ ಆತು.”

“ನಿನಗ ಏನ್ ಚಲೋ ಆತು? ಹೊರಗ ಹಾಕ್ತಾರ ನಿನ್ನ!”

“ಹಾಕ್ಲಿ ಅಂತಽ ಕಾಯಾಕತ್ತಿದ್ದೆ.” ಅವನು ನಕ್ಕ. ಕೆಟ್ಟ ನಗು ಅದು, ತುಟಿ ಮಾತ್ರ ನಕ್ಕಿತು. “ಬಂದಾಗಿಂದ ನಿದ್ದಿ ಮಾಡಿಲ್ಲ ನಾನು. ಬೆಳಿಗ್ಗೆ ಆ ಭೋಂಗಾ ಕೂಗ್ತೈತಲ್ಲ, ಅದು ಕೂಗಿದ ಕೂಡ್ಲೇ ಕುಡಿದ ಚಾ ಹೊರಗ ಬರತೈತಿ. ಅರದ ಸಪ್ಪಳ ಕೇಳಿದ್ರ ಹಲ್ಲಿನ ಬುಡಾ ಎಲ್ಲಾ ಜುಂ ಅಂತಾವ. ಊರಾಗ ನಮ್ಮ ಎತ್ತು ನಾ ಬಾಯಿ ಬಿಡೂದ್ರೊಳಗ ತಿರಗತಾವ. ಇಲ್ಲಿ ಒಂದು ತುಂಡು ಕಬ್ಬಿಣ ನನ್ನ ಮಾತು ಕೇಳೂದಿಲ್ಲ.”

“ಹಂಗಾರ ನಿಮ್ಮಪ್ಪಗ ಹೇಳು. ಬಿಟ್ಟು ಹೋಗು.”

“ಎಂಥಾ ಹುಚ್ಚಿ ಇದ್ದೀ! ನಮ್ಮ ಕಾಕಾನ ಮಗಾ ಮಿಲ್ಲಿನಾಗ ಅದಾನ, ಕೈಗೆ ಗಡಿಯಾರ ಕಟಿಗೊಂಡು ಸೈಕಲ್ ಮ್ಯಾಲೆ ಊರಿಗೆ ಬರತಾನ. ನಮ್ಮಪ್ಪ ನನ್ನ ಹೆಸರು ಹೇಳ್ಕೊಂಡು ಇಡೀ ಮುಂಡಗೋಡ ತಿರಗ್ಯಾನ. ನಾನಾಗೇ ಬಿಟ್ಟು ಹೋದ್ರ ಹೇಡಿ ಅಂತಾರ. ಅವರಾಗೇ ಹೊರಗ ಹಾಕಿದ್ರ ಹಣೆಬರಹ ಅಂತಾರ. ನಾಕು ದಿನ ಬೈದು ಸುಮ್ಮನಾಗ್ತಾರ.” ಅವನು ಇನ್ನೂ ಹತ್ತಿರ ಬಂದು ಅಂದ, “ನಿನ್ನ ಕಾಲು ಬೀಳತೇನಿ. ಇದೊಂದು ದಾರಿ ತಾನಾಗೇ ತೆರೆದೈತಿ. ಮುಚ್ಚಬ್ಯಾಡ.”

ಅವಳು ಕೊಡವನ್ನು ಸೂರಿನ ನೀರಿಗೆ ಒಡ್ಡಿಕೊಂಡು ನಿಂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು. ಇವನಿಗೂ ಬೇಕಾದದ್ದು ಸಿಗುತ್ತದೆ, ನನಗೂ ಸಿಗುತ್ತದೆ. ಯಾರಿಗೆ ನಷ್ಟ?

ಆಗ ಒಳಗಿನಿಂದ ಸಾಹೇಬರ ದನಿ ಕೇಳಿತು. ಜವಾನನಿಗೆ ಹೇಳುತ್ತಿದ್ದರು: “ಠಾಣೆಗೆ ಹೋಗಿ ಬಾ. ಸರಕಾರಿ ಹತಾರು ಹಾಳು ಮಾಡಿದ್ದಾನೆ ಅಂತ ಹೇಳು. ಒಬ್ಬ ಪೇದೆ ಬರಲಿ. ಅವನ ಅಪ್ಪನಿಗೂ ತಂತಿ ಕೊಡು, ಬಂದು ಠಾಣೆಯಿಂದಲೇ ಕರಕೊಂಡು ಹೋಗಲಿ.”

ಕರಿಬಸಪ್ಪನ ಮುಖದಲ್ಲಿನ ರಕ್ತವೆಲ್ಲ ಇಳಿದುಹೋಯಿತು. ಅವನು ಗೋಡೆಗೆ ಕೈಯಾನಿಸಿದ. ಆದರೂ ಅವಳತ್ತ ನೋಡಿ ತಲೆಯಲ್ಲಾಡಿಸಿದ. ಬೇಡ, ಹೇಳಬೇಡ.

ಅಗ್ನೆಸ್ ಕೊಡವನ್ನು ಅಲ್ಲೇ ಇಟ್ಟಳು. ಒದ್ದೆ ಕಾಲಲ್ಲಿ ಆಫೀಸಿನೊಳಗೆ ಹೋದಳು.

“ಸರ, ಅರಕ್ಕ ಜಿಡ್ಡು ಹಚ್ಚಿದ್ದು ನಾನು.”

ಸಾಹೇಬರು ತಲೆಯೆತ್ತುವುದರೊಳಗೆ ಕರಿಬಸಪ್ಪ ಹಿಂದೆಯೇ ನುಗ್ಗಿದ. “ಸುಳ್ಳು ಸರ! ಆಕಿ ಸುಳ್ಳು ಹೇಳಾಕತ್ತಾಳ! ನಾನಽ ಹಚ್ಚಿದ್ದು!”

“ಅಂವಗ ಗೊತ್ತಽ ಇಲ್ರಿ. ನಾನು.”

“ನಾನು ಅಂದ್ನೆಲ್ಲಾ! ನೀ ಹೊರಗ ನಡಿ!”

“ಏನಿದು? ಲಗ್ನದ ಊಟದಲ್ಲಿ ಲಾಡು ಹಂಚಿಕೊಂಡ ಹಾಗೆ ತಪ್ಪು ಹಂಚಿಕೊಳ್ತಿದೀರಾ?” ಸಾಹೇಬರು ಮೇಜು ಗುದ್ದಿದರು. “ಮೇಷ್ಟ್ರನ್ನ ಕರೀರಿ!”

ಶಿವಲಿಂಗಪ್ಪ ಮಾಸ್ತರರು ಸೀಮೆಎಣ್ಣೆಯ ಕೈ ಒರಸಿಕೊಳ್ಳುತ್ತ ಬಂದರು. ಇಬ್ಬರನ್ನೂ ನೋಡಿದರು. ಕರಿಬಸಪ್ಪನ ಕೈಯ ಚಿಂದಿಯನ್ನು ಮುಟ್ಟಿ ಕೇಳಿದರು, “ನೀ ಹಚ್ಚಿದ್ದಿ ಅಂದ್ರ ಅರಾ ಜಾರತೈತಿ ಅಂತ ನಿನಗ ಗೊತ್ತಿರಬೇಕಲ್ಲ. ಗೊತ್ತಿದ್ದವ ಮೈಭಾರ ಎಲ್ಲಾ ಹಾಕಿ ತಳ್ಳಿ ಕೈ ಒಡಕೋತಾನೇನು?”

ಕರಿಬಸಪ್ಪ ಚಿಂದಿಯ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ.

“ನೀ ಹೇಳು ಯವ್ವಾ. ಯಾಕ ಹಚ್ಚಿದಿ?”

ಅಗ್ನೆಸ್ ಹೇಳಿದಳು. ತಟ್ಟೆ ತೊಯ್ದದ್ದು, ಕೆಂಪು ಎದ್ದದ್ದು, ಮನೆಯಲ್ಲಿ ಮಳೆಗಾಲದಲ್ಲಿ ಮಾಡುವುದು. ಹೇಳುತ್ತ ಹೇಳುತ್ತ ಇದೆಲ್ಲ ಎಷ್ಟು ಮೂರ್ಖತನವಾಗಿ ಕೇಳುತ್ತದೆಂದು ಅವಳಿಗೇ ನಾಚಿಕೆಯಾಯಿತು. “ಕೊಯ್ತಾಕ್ಕ ಹಚ್ಚೂಹಂಗ ಹಚ್ಚಿದ್ನಿರಿ,” ಎಂದು ಮುಗಿಸಿ ತಲೆ ತಗ್ಗಿಸಿದಳು.

ಸಾಹೇಬರು ಕುರ್ಚಿಗೆ ಒರಗಿದರು. ಸಿಟ್ಟು ಇಳಿದು ಒಂದು ಬಗೆಯ ಸಮಾಧಾನ ಮುಖದಲ್ಲಿ ಬಂತು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು. “ನೋಡಿದಿರಾ ಮೇಷ್ಟ್ರೇ? ಇದನ್ನೇ ನಾನು ಮೊದಲಿಂದ ಹೇಳಿದ್ದು. ಒಳ್ಳೆ ಹುಡುಗಿ, ಕೆಟ್ಟ ಬುದ್ಧಿ ಇಲ್ಲ. ಆದರೆ ಇದು ಇವಳ ಜಾಗ ಅಲ್ಲ. ಅರದ ಮೊದಲ ಪಾಠವೇ ತಲೆಗೆ ಹೋಗಿಲ್ಲ. ಸೋಮವಾರದಿಂದ ಹೊಲಿಗೆ ಕೋಣೆಗೆ ಹೋಗಲಿ.”

ಅಗ್ನೆಸ್ ಅಳಬಾರದೆಂದು ಗೋಡೆಯ ಮೇಲಿನ ಕ್ಯಾಲೆಂಡರನ್ನು ದಿಟ್ಟಿಸಿದಳು.

ಮಾಸ್ತರರು ಕೈ ಒರಸುತ್ತಲೇ ಇದ್ದರು. ಒರಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

“ಆ ಪಾಠಾ ಮಾಡಿದ ದಿವಸ ಆಕಿ ಶೆಡ್ಡಿನಾಗ ಇರ್ಲಿಲ್ರಿ,” ಎಂದರು.

“ಎಲ್ಲಿದ್ದಳು?”

“ಇಲ್ಲೇ. ಈ ಬಾಕಿನ ಮ್ಯಾಲೆ. ಹೊಲಿಗಿ ಕಲಿ ಅಂತ ತಿಳಿಸಿ ಹೇಳಾಕ ತಾವು ಮುಂಜಾನಿಂದ ಕುಂಡ್ರಿಸಿಕೊಂಡಿದ್ರಿ. ವಾಪಸ್ ಬಂದ ಮ್ಯಾಲೆ ನಾ ಆಕಿಗೆ ಬ್ಯಾರೆ ಹೇಳಬೇಕಿತ್ತು. ಹೇಳ್ಲಿಲ್ಲ. ಹುಡುಗಿ ಎಷ್ಟು ದಿನಾ ಇರ್ತಾಳೋ ಏನೋ ಅಂತ ನಾನೂ ಬಿಟ್ಟೆ.”

ಮಳೆ ಸ್ವಲ್ಪ ಜೋರಾಯಿತು. ಸಾಹೇಬರು ಪೆನ್ನಿನ ಟೋಪಿ ತೆಗೆದರು, ಮತ್ತೆ ಹಾಕಿದರು.

“ಸರಿ,” ಎಂದರು ಕೊನೆಗೆ, ಬಿಗುವಾಗಿ. “ಪರೀಕ್ಷೆ ಪರೀಕ್ಷೆಯೇ. ನಾನು ಸಂಜೆ ಮನೆಗೆ ಹೋಗುವುದರೊಳಗೆ ಇವಳ ತುಂಡು ನನ್ನ ಕೈಗೆ ಬರಬೇಕು. ಬೆಳಕು ಕಂಡಿತೋ, ಆಮೇಲೆ ಯಾರ ಮಾತೂ ಇಲ್ಲ. ಅದಕ್ಕೂ ಮೊದಲು ಜಿಡ್ಡು ಹಚ್ಚಿದ ಕೈಯೇ ಉಳಿದ ಅರಗಳನ್ನೆಲ್ಲಾ ತೊಳೆಯಲಿ.” ಆಮೇಲೆ ಕರಿಬಸಪ್ಪನತ್ತ ತಿರುಗಿದರು. “ಇವನದೇನು ಕಥೆ? ಮಾಡದ ತಪ್ಪಿಗೆ ಯಾಕೆ ಕೈ ಎತ್ತಿದ?”

ಮಾಸ್ತರರು ಅವನ ಭುಜದ ಮೇಲೆ ಕೈಯಿಟ್ಟರು. ಅಷ್ಟಕ್ಕೇ ಆ ಗಟ್ಟಿಮುಟ್ಟು ಹುಡುಗ ಆಗತಾನೇ ಹುಟ್ಟಿದ ಕರುವಿನಂತೆ ಕುಸಿದು ಕೂತ.

“ನನಗ ಇಲ್ಲಿ ಉಸಿರು ಹಿಡಿತೈತ್ರಿ,” ಎಂದ. “ಊರಿಗೆ ಕಳಿಸ್ರಿ. ಪೊಲೀಸರ ಕೈಯಾಗ ಬ್ಯಾಡ್ರಿ. ಹಂಗಽ ಕಳಿಸ್ರಿ.”

ಸಾಹೇಬರು ಜವಾನನನ್ನು ನೋಡಿ ಬೇಡವೆಂದು ಕೈಯಾಡಿಸಿದರು.

ಉಳಿದ ಹುಡುಗರು ಉಜ್ಜಿ ಮುಗಿಸಿ, ತುಂಡು ಒಪ್ಪಿಸಿ, ಒಬ್ಬೊಬ್ಬರಾಗಿ ಹೋದರು. “ಬರ್ತೇನಿ ತುಪ್ಪದಕ್ಕಾ! ಸೋಮಾರ ರೊಟ್ಟಿಗೆ ಒಂದೀಟು ಇಟ್ಟಿರು!” ಎಂದು ಕೂಗಿ ಸೋಮಪ್ಪನೂ ಹೋದ. ಅಗ್ನೆಸ್ ಉಳಿದ ಅರಗಳನ್ನು ತೊಳೆಯುತ್ತಲೇ ಕೂತಿದ್ದಳು. ತೊಳೆದಷ್ಟೂ ಇತ್ತು. ಹೊರಗಿನ ಬೆಳಕು ಮೋಡದ ಹಿಂದೆ ಇಳಿಯುತ್ತಿತ್ತು. ತನ್ನ ತುಂಡಿಗೆ ಕೈ ಹಚ್ಚುವಷ್ಟರಲ್ಲಿ ಹೊತ್ತೇ ಉಳಿಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಬ್ರಶ್ಶನ್ನು ಇನ್ನೂ ಬಿರುಸಾಗಿ ಆಡಿಸಿದಳು. ಅಂಗೈಯ ಚರ್ಮ ಕಿತ್ತುಬಂತು.

ಯಾರೋ ಅವಳ ಕೈಯಿಂದ ಬ್ರಶ್ಶು ಕಸಿದುಕೊಂಡರು.

“ಏಳು,” ಎಂದ ಕರಿಬಸಪ್ಪ. ಮುಖ ಇನ್ನೂ ಸಿಟ್ಟಿನಿಂದ ಗಡಿಗೆಯಂತಿತ್ತು. “ನಿನ್ನ ತುಂಡು ನೋಡ್ಕೋ ಹೋಗು. ನನಗ ಇನ್ನೊಂದು ಕೈ ಚಲೋ ಐತಿ.”

“ನಾನಽ ತೊಳಿಬೇಕಂತ ಸಾಹೇಬ್ರು...”

“ಸಾಹೇಬ್ರು ಚಾ ಕುಡಿಯಾಕ ಹೋಗ್ಯಾರ. ಮಾಸ್ತರು ಆ ಕಡೆ ಮುಖಾ ಮಾಡಿ ಕುಂತಾರ. ನೋಡ್ತೀ ಏನು, ಬೇಕಂತಽ ಕುಂತಾರ.”

ಹೌದು, ಮಾಸ್ತರರು ಬಾಗಿಲಿಗೆ ಎದುರಾಗಿ, ಶೆಡ್ಡಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು. ಮಳೆ ನೋಡುತ್ತಿದ್ದರು.

“ನನ್ನ ಮ್ಯಾಲೆ ಸಿಟ್ಟು ಐತೇನು?” ಅವಳು ಕೇಳಿದಳು.

“ಬಾಳ ಐತಿ. ನನಗ ಸಿಕ್ಕ ಒಂದು ದಾರಿ ಮುಚ್ಚಿದಿ. ತುಂಡು ತಿಕ್ಕು, ಮಾತಾಡಬ್ಯಾಡ.”

ಅವಳು ತುಂಡನ್ನು ವೈಸಿಗೆ ಬಿಗಿದಳು. ಸುಣ್ಣ ಉಜ್ಜಿದ ಅರವನ್ನು ಇಟ್ಟು ತಳ್ಳಿದಳು. ಮೊದಲ ಎಳೆತಕ್ಕೆ ಜಾರಿತು. ಅರವನ್ನು ಮತ್ತೆ ಒರಸಿ ಮತ್ತೆ ಸುಣ್ಣ ಉಜ್ಜಿದಳು. ಈ ಸಲ ಕಚ್ಚಿತು. ಗರ್ ಎಂಬ ಆ ಒರಟು ಸದ್ದು ಕೇಳಿದ್ದೇ ತಡ ಅವಳ ಬೆನ್ನು ನೆಟ್ಟಗಾಯಿತು. ಕರಿಬಸಪ್ಪನಿಗೆ ಹಲ್ಲು ಜುಮ್ಮೆನಿಸುವ ಸದ್ದೇ ಅವಳಿಗೆ ಕೆಲಸ ನಡೆದಿದೆ ಎಂಬ ಗುರುತು. ಅವನು ಕಿವಿಗೆ ಚಿಂದಿ ತುರುಕಿಕೊಂಡು ಬ್ರಶ್ಶು ಆಡಿಸುತ್ತಿದ್ದ.

ಎಡಮೂಲೆ ತಗ್ಗಾಗಿತ್ತು. ಅವಸರದ ಮೊದಲ ಎಳೆತಗಳಲ್ಲಿ ಕೈ ಅಲ್ಲಿ ಹೆಚ್ಚು ಒತ್ತಿತ್ತು. ತಗ್ಗನ್ನು ಏರಿಸಲು ಬರುವುದಿಲ್ಲ. ಉಳಿದ ಮೈಯನ್ನೆಲ್ಲ ಆ ಮಟ್ಟಕ್ಕೆ ಇಳಿಸಬೇಕು. ಅವಸರ ಮಾಡಿದರೆ ಬಲಮೂಲೆಯೂ ಹೋಗುತ್ತದೆ. ಸಾಹೇಬರ ಕೊಡೆ ಅಂಗಳ ದಾಟುತ್ತಿರುವುದು ಕಿಟಕಿಯಿಂದ ಕಂಡಿತು. ಅವಳು ಮತ್ತೆ ಅತ್ತ ನೋಡಲಿಲ್ಲ. ಉದ್ದಕ್ಕೆ ಒಂದು ಎಳೆತ, ಒರಸುವುದು, ಮೂಲೆಮಟ್ಟ ಇಟ್ಟು ನೋಡುವುದು. ಅಡ್ಡಕ್ಕೆ ಒಂದು ಎಳೆತ, ಒರಸುವುದು, ನೋಡುವುದು. ಬೆಳಕಿನ ಗೆರೆ ದಾರದಷ್ಟಿತ್ತು. ಕೂದಲಿನಷ್ಟಾಯಿತು.

“ಮುಗೀತೇನಮ್ಮಾ?” ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಹೊರಡುವ ಸಿದ್ಧತೆಯಲ್ಲಿ ಊಟದ ಡಬ್ಬಿ ಕೈಯಲ್ಲಿತ್ತು.

“ಇಲ್ರಿ.”

“ಇಲ್ಲ ಅಂದರೆ? ಕೊಡು ಇಲ್ಲಿ.”

“ಈ ಎಡಮೂಲ್ಯಾಗ ಇನ್ನೂ ಬೆಳಕು ಕಾಣ್ತೈತ್ರಿ,” ಎಂದಳು ಅವಳು. ತಾನೇ ಹೇಳುತ್ತಿದ್ದೇನೆಂದು ಅವಳಿಗೇ ನಂಬಿಕೆಯಾಗಲಿಲ್ಲ. “ಈಗ ಕೊಟ್ಟರ ನಾಪಾಸ ಆಗ್ತೇನಿ. ತಾವು ಇನ್ನೂ ಮನಿಗೆ ಹೋಗಿಲ್ಲಲ್ರಿ.”

ಮಾಸ್ತರರು ಕೆಮ್ಮಿದರು. ಸಾಹೇಬರು ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ನಿಂತರು. ಅಗ್ನೆಸ್ ಮತ್ತೆ ಅರ ಎತ್ತಿದಳು. ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಹಿಂದೆ ಕಾಯುತ್ತಿದ್ದಾನೆಂಬುದು ಅವಳ ತಲೆಗೆ ಬರಲಿಲ್ಲ. ಮೂಲೆ ಬಿಟ್ಟರೆ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಹಗುರಾಗಿ ಒಂದು ಎಳೆತ. ಇನ್ನೊಂದು. ಒರಸಿದಳು, ತುಂಡನ್ನು ಬಿಚ್ಚಿದಳು, ಕೊಟ್ಟಳು.

ಸಾಹೇಬರು ಕಿಟಕಿಯ ಹತ್ತಿರ ಹೋಗಿ ಮೂಲೆಮಟ್ಟ ನಿಲ್ಲಿಸಿ ಕಣ್ಣು ಕಿರಿದು ಮಾಡಿದರು. ಉದ್ದಕ್ಕೆ ನೋಡಿದರು. ಅಡ್ಡಕ್ಕೆ ನೋಡಿದರು. ಕನ್ನಡಕ ತೆಗೆದು ಒರಸಿ, ಎಡಮೂಲೆಯನ್ನು ಮತ್ತೆ ನೋಡಿದರು.

ಕರಿಬಸಪ್ಪ ಕಿವಿಯ ಚಿಂದಿ ತೆಗೆದ.

“ಮೇಷ್ಟ್ರೇ,” ಎಂದರು ಸಾಹೇಬರು ತುಂಡನ್ನು ಅವರ ಕೈಗೆ ಹಾಕುತ್ತ, “ಹೊಲಿಗೆ ಕೋಣೆಯ ಆ ಮಿಶನ್ನಿಗೆ ಬೇರೆ ಯಾರನ್ನಾದರೂ ಹುಡುಕಿ.” ಬೇರೇನೂ ಹೇಳದೆ ಕೊಡೆ ಬಿಚ್ಚಿಕೊಂಡು ಹೋದರು.

ಮಾಸ್ತರರು ತುಂಡನ್ನು ಉಳಿದವರ ತುಂಡುಗಳ ಸಾಲಿನಲ್ಲಿಟ್ಟರು. “ನಾಳಿ ಮೊದಲನೇ ಬಸ್ಸಿಗೆ ನಾ ನಿನ್ನ ಜೋಡಿ ಇಂದೂರಿಗೆ ಬರ್ತೇನಿ,” ಎಂದರು ಕರಿಬಸಪ್ಪನಿಗೆ. “ಆದರ ಮಾತು ಮಾತ್ರ ನೀನಽ ಆಡಬೇಕು. ನಾ ಬಾಜೂಕ ಕುಂತಿರ್ತೇನಿ.”

ಅಗ್ನೆಸ್, ಕರಿಬಸಪ್ಪ ಇಬ್ಬರೂ ಕೋಗಿಲಬನದ ದಾರಿಯಲ್ಲಿ ಮಳೆಗೆ ಹೊದೆಯುವ ಒಂದೇ ಗೊರಬನ್ನು ತಲೆಯ ಮೇಲೆ ಹಿಡಿದುಕೊಂಡು ನಡೆದರು. ಅಗ್ನೆಸ್‌ಗೆ ಆಗ ಹಸಿವು ಗೊತ್ತಾಯಿತು, ಕಣ್ಣು ಕತ್ತಲೆ ಬರುವಷ್ಟು ಹಸಿವು. ಗೋದುಬಾಯಿ ಇಬ್ಬರಿಗೂ ರೊಟ್ಟಿ ಬಡಿಯುತ್ತಾಳೆ, ಬೈಯುತ್ತಲೇ ಬಡಿಯುತ್ತಾಳೆ.

“ನಮ್ಮಪ್ಪಗ ಏನಂತ ಹೇಳ್ಲಿ?” ಕರಿಬಸಪ್ಪ ಕೇಳಿದ.

“ನನಗ ಹೇಳಿದ್ದನ್ನಽ ಹೇಳು.”

“ನಿನ್ನ ಮುಂದ ಹೇಳೂದು ಬ್ಯಾರೆ. ಆಂವನ ಮೀಸಿ ನೋಡಿಲ್ಲ ನೀ.”

“ಹಂಗಾರ ಈಗ ಒಮ್ಮೆ ಹೇಳಿ ನೋಡು. ನಾನಽ ನಿಮ್ಮಪ್ಪ ಅಂತ ತಿಳ್ಕೋ.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ನಗು ಬಂತು, ನುಂಗಿಕೊಂಡ. ಬಿದಿರು ಹೇರಿದ ಲಾರಿಯೊಂದು ಕೆಸರು ಹಾರಿಸುತ್ತ ದಾಟಿ ಹೋಗುವವರೆಗೆ ಕಾದ.

“ಅಪ್ಪಾ,” ಎಂದ, “ನನಗ ಈ ಕೆಲಸಾ ಬ್ಯಾಡ.”

“ಕೇಳಸಲಿಲ್ಲ,” ಎಂದಳು ಅಗ್ನೆಸ್. “ಜೋರಾಗಿ ಹೇಳು.”

ಅವನು ನಿಂತು, ಉಸಿರು ತುಂಬಿಕೊಂಡು, ಮತ್ತೊಮ್ಮೆ ಹೇಳಿದ.